ಬಂದ್ ದಿನದ ಬ್ರೆಡ್ಡು

"ನಾಳೆ ಶಟರ್ ಎತ್ತಬೇಡ ಅಕ್ಕಾ," ಎಂದ ತಮ್ಮ, ಹಿಟ್ಟು ನಾದುತ್ತಲೇ.

"ಯಾಕೆ, ನಿಮ್ಮಪ್ಪನ ಮನೆ ಶಟರಾ?"

"ಹೌದು, ನಮ್ಮಪ್ಪನದೇ. ನಿಮ್ಮಪ್ಪನದೂ."

ಮಾತಿಗೆ ಮಾತು ಕೊಡುವುದರಲ್ಲಿ ನಾವಿಬ್ಬರೂ ಒಂದೇ ಒಲೆಯಲ್ಲಿ ಬೆಂದವರು. ಬೇಕರಿ ಅಪ್ಪ ಬಿಟ್ಟುಹೋದದ್ದು. ಅವನು ನಾದುತ್ತಾನೆ, ನಾನು ಬೇಯಿಸಿ ಮಾರುತ್ತೇನೆ. ಮಿಕ್ಕಿದ್ದರಲ್ಲೆಲ್ಲ ಎತ್ತು ಏರಿಗೆ, ಕೋಣ ನೀರಿಗೆ. ಕೋಣ ಯಾರೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಬಟ್ಟೆ ಗಿರಣಿಯವರು ಸಂಘ ಕಟ್ಟಿದ ಕೆಲಸಗಾರರನ್ನು ಹೊರಗೆ ಹಾಕಿದ್ದರು. ತಮ್ಮನ ಪಕ್ಷ ಊರಿಗೆ ಊರೇ ಬಂದ್ ಆಗಬೇಕೆಂದು ಕರೆ ಕೊಟ್ಟಿತ್ತು. ನನ್ನ ಓಟು ಆ ಗಿರಣಿಯನ್ನು ಊರಿಗೆ ತಂದವರಿಗೆ. ಅದನ್ನು ನಾನೇನೂ ಬಚ್ಚಿಟ್ಟವಳಲ್ಲ. ಗಿರಣಿ ಬರುವ ಮೊದಲು ಸಂಜೆಗೆ ಬನ್ನು ಉಳಿದು ಕಲ್ಲಾಗುತ್ತಿತ್ತು. ಈಗ ಉಳಿಯುವುದಿಲ್ಲ. ನನಗೆ ಗೊತ್ತಿರುವ ರಾಜಕೀಯ ಇಷ್ಟೇ.

"ಬನ್ನು ತಿನ್ನೋರನ್ನೇ ಹೊರಗೆ ಹಾಕಿದ್ದಾರಲ್ಲ, ಇನ್ನು ಯಾರಿಗೆ ಮಾರ್ತೀಯ?" ಎಂದ.

"ಕೆಲಸಕ್ಕೆ ಸೇರೋವಾಗ ಕೈ ಮುಗೀತಾರೆ, ಆಮೇಲೆ ಮುಷ್ಟಿ ಎತ್ತುತ್ತಾರೆ. ನಾನಾಗಿದ್ರೂ ಹಾಕ್ತಿದ್ದೆ."

ಅವನ ಕೈ ಹಿಟ್ಟಿನಲ್ಲೇ ನಿಂತಿತು. "ಹಾಗಾದ್ರೆ ನನ್ನನ್ನೂ ಹಾಕು."

ತಣ್ಣಗೆ ಹೇಳಿದ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ.

"ಬೇಯಿಸು, ಬೇಡ ಅನ್ನಲ್ಲ," ಎಂದ. "ಆಸ್ಪತ್ರೆಗೆ ದಿನಾ ಕೊಡೋ ಬ್ರೆಡ್ಡನ್ನ ಹಿಂಬಾಗಿಲಿಂದ ಕಳಿಸು. ಮುಂದಿನ ಶಟರ್ ಮಾತ್ರ ಬೇಡ. ಮೆರವಣಿಗೆ ಈ ಬೀದೀಲೇ ಬರೋದು."

"ಹಾವೂ ಸಾಯಬಾರದು, ಕೋಲೂ ಮುರೀಬಾರದು, ಅಲ್ವಾ? ಕಳ್ಳರ ಹಾಗೆ ಹಿಂದಿನಿಂದ ಮಾರೋ ಕರ್ಮ ನನಗಿಲ್ಲ. ಕೇಳಿಸ್ಕೋ. ನಾಳೆ ನೀನು ಆ ಶಟರಿಗೆ ಕೈ ಹಾಕಿದ್ರೆ, ಈ ಒಲೆ ಹತ್ತಿರ ಮತ್ತೆ ಕಾಲಿಡಬೇಡ. ನನಗೊಬ್ಬ ತಮ್ಮ ಇದ್ದ ಅನ್ನೋದನ್ನೂ ಮರೀತೀನಿ."

ಮಹಡಿಯಿಂದ ಅಮ್ಮ, "ಬಾಯಿ ತೊಳ್ಕೊಳ್ಳೇ," ಎಂದಳು. ನಾನು ತೊಳೆದುಕೊಳ್ಳಲಿಲ್ಲ.

ಬೆಳಿಗ್ಗೆ ನೋಡಿದರೆ ಅವನು ಹೋಗಿಯಾಗಿತ್ತು. ಅವನು ನಾದಿಟ್ಟ ಹಿಟ್ಟು ಉಬ್ಬಿ ತೊಟ್ಟಿಯ ಅಂಚು ಮುಟ್ಟಿತ್ತು. ದಿನವೂ ಅದನ್ನು ಎರಡು ಸಲವಾಗಿ ಬೇಯಿಸುವವಳು, ಅಂದು ಹಠಕ್ಕೆ ಬಿದ್ದು ಅಷ್ಟನ್ನೂ ಅಚ್ಚಿಗೆ ತುಂಬಿ ಒಂದೇ ಸಲಕ್ಕೆ ಒಲೆಗೆ ತುರುಕಿದೆ. ಹಿಂದಿನಿಂದ ಯಾರೂ ನುಗ್ಗದಿರಲೆಂದು ಹಿಂಬಾಗಿಲಿಗೆ ಮೈದಾ ಚೀಲಗಳನ್ನು ಒಟ್ಟಿದೆ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಶಟರ್ ಎತ್ತಿದೆ. ಬೀದಿಯಲ್ಲಿ ತೆರೆದದ್ದು ನನ್ನದೊಂದೇ ಅಂಗಡಿ.

ಮೆರವಣಿಗೆ ಬಂತು. ಮುಂದೆ ಇದ್ದವನು ಸೈಕಲ್ ರಿಪೇರಿಯ ಮೀಸೆ. ದಿನಾ ನನ್ನಲ್ಲೇ ಬನ್ನು ತಿಂದು, ಮೀಸೆಗಂಟಿದ ಪುಡಿಯನ್ನು ನನ್ನ ಕಟ್ಟೆಯ ಮೇಲೇ ಒದರುವವನು.

"ಅಕ್ಕೋ, ಮುಚ್ಚು."

"ಮೊದಲು ನಿನ್ನ ಬಾಯಿ ಮುಚ್ಚು."

ಅವನ ಹಿಂದಿದ್ದವರು ನಕ್ಕರು. ಅದೇ ಕೆಟ್ಟದ್ದಾಯಿತು. ಮೀಸೆಯ ಮುಖ ಕೆಂಪಗಾಯಿತು. ಯಾರೋ ಬಗ್ಗಿ ಕಲ್ಲು ಹೆಕ್ಕಿದ. ಬ್ರೆಡ್ಡು ತಳ್ಳುವ ಉದ್ದ ಹಿಡಿಯ ಹಲಗೆಯನ್ನು ಅಡ್ಡ ಹಿಡಿದು ನಾನು ಶಟರಿನ ಕೆಳಗೆ ನಿಂತೆ.

"ಎಲ್ಲಿ ನಮ್ಮ ಹಿಟ್ಟಿನ ಹುಲಿ?" ಮೀಸೆ ಹಿಂದೆ ತಿರುಗಿ ಕೂಗಿದ. "ಊರಿಗೆಲ್ಲ ಬುದ್ಧಿ ಹೇಳೋನು ಮನೆಗೆ ಹೇಳಲಿಲ್ವಾ? ಬಾರಯ್ಯ, ನಿಮ್ಮಕ್ಕನ ಅಂಗಡಿ ನೀನೇ ಮುಚ್ಚು. ಇಲ್ಲಾಂದ್ರೆ ನಾವು ಮುಚ್ಚಿಸ್ತೀವಿ, ನಮ್ಮ ರೀತೀಲಿ."

ಜನ ಸರಿದು ದಾರಿ ಬಿಟ್ಟರು. ತಮ್ಮ ಬಂದು ನನ್ನೆದುರು ನಿಂತ. ಉಗುರಿನ ಸಂದಿಯಲ್ಲಿ ನಿನ್ನೆಯ ಹಿಟ್ಟು ಒಣಗಿತ್ತು.

"ಪಕ್ಕಕ್ಕೆ ಸರಿ ಅಕ್ಕಾ."

"ನಿನ್ನೆ ಹೇಳಿದ್ದು ನೆನಪಿದೆಯಾ?"

"ಇದೆ."

"ಹಾಗಾದ್ರೆ ಕೈ ಹಾಕು, ನೋಡೋಣ."

ಅವನ ಮೂಗು ಅರಳಿತು. ನನಗಾಗಲೇ ಬಂದಿತ್ತು ವಾಸನೆ. ಒಲೆಯಲ್ಲಿ ಹಿಂದಿನ ಸಾಲು ಸೀಯುತ್ತಿತ್ತು. ಒಳಗೆ ಹೋದರೆ ಅಂಗಡಿ ಇವರ ಪಾಲು, ನಿಂತರೆ ಬ್ರೆಡ್ಡು ಬೂದಿ. ಹಠಕ್ಕೆ ತುಂಬಿದ ಒಲೆ ನನ್ನ ಕಾಲಿಗೇ ಸುತ್ತಿಕೊಂಡಿತ್ತು.

"ಎಷ್ಟು ತುಂಬಿದ್ದೀಯ?" ಎಂದು ಪಿಸುಗುಟ್ಟಿದ.

"ಎಲ್ಲಾನೂ."

"ನಿನ್ನ ತಲೆ!"

ಕೈಯೆತ್ತಿ ಶಟರಿನ ಹಿಡಿ ಹಿಡಿದ. ಹಿಂದೆ ಚಪ್ಪಾಳೆ ಬಿತ್ತು. ನಾನು ಹಲಗೆ ಎತ್ತಿದೆ. ಹೊಡೆದೇಬಿಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅವನು ಭುಜ ಕೊಟ್ಟು ನನ್ನನ್ನು ಒಳಗೆ ನೂಕಿ, ತಾನೂ ನುಗ್ಗಿ, ಶಟರನ್ನು ನೆಲದವರೆಗೆ ಎಳೆದು ಒಳಗಿನ ಕೊಕ್ಕೆ ಹಾಕಿದ.

ಹೊರಗೆ ಚಪ್ಪಾಳೆ ನಿಂತಿತು.

"ಏಯ್, ಹೊರಗೆ ಬಾರೋ!"

"ಮುಚ್ಚಿದೆಯಲ್ಲ, ಮುಂದೆ ನಡೀರಿ!" ತಮ್ಮ ಒಳಗಿನಿಂದಲೇ ಕೂಗಿದ.

"ಯಾರ ಕಡೆಯೋ ನೀನು?"

ಅವನಾಗಲೇ ಒಲೆಯತ್ತ ಓಡಿದ್ದ. ಒಲೆಯ ಬಾಯಿ ತೆರೆದು ಕೆಮ್ಮಿದ. ಮೊದಲ ಕಲ್ಲು ಶಟರಿಗೆ ಬಿದ್ದಾಗ ನಮ್ಮಿಬ್ಬರ ಕೈಯಲ್ಲೂ ಬಿಸಿ ಅಚ್ಚುಗಳಿದ್ದವು. ಅವನು ಎಳೆದ, ನಾನು ಮಗುಚಿದೆ. ಹಿಂದಿನ ಸಾಲು ಇದ್ದಿಲು. ಉಳಿದದ್ದು ಬದುಕಿತು.

"ಗೆದ್ದೆ ಅಂದ್ಕೊಂಡ್ಯಾ? ಈಗ ಎತ್ತುತ್ತೀನಿ ನೋಡು," ಎಂದು ಶಟರಿನತ್ತ ಹೊರಟೆ.

ಅವನು ನನಗಿಂತ ಮೊದಲೇ ಹೋಗಿ ಅದಕ್ಕೆ ಬೆನ್ನು ಕೊಟ್ಟು ಕುಳಿತ. "ಇವತ್ತು ಇದು ಏಳಲ್ಲ. ಅವರಿಗೆ ಹೆದರಿ ಹೇಳ್ತಿಲ್ಲ. ನಾನೂ ಬಂದ್ ಅಂದವನೇ."

"ಹಾಗಾದ್ರೆ ನಡಿ. ಆಡಿದ ಮಾತು ಆಡಿದ್ದೇ."

"ನಡೀತೀನಿ. ಎಲ್ಲಿಂದ? ಮುಂದೆ ಅವರು ಕಾಯ್ತಿದ್ದಾರೆ. ಹಿಂದೆ ನೀನು ಕೋಟೆ ಕಟ್ಟಿದ್ದೀಯ."

ನಗು ಬಂತು. ಹಲ್ಲು ಕಚ್ಚಿ ನುಂಗಿದೆ. "ಚೀಲ ತೆಗೆದು ದಾರಿ ಮಾಡ್ಕೋ."

ಎದ್ದ. ಮೇಲಿನ ಚೀಲವನ್ನು ತಬ್ಬಿ ಇಳಿಸಿದ. ಪಕ್ಕಕ್ಕಿಡಲಿಲ್ಲ. ಹೊಲಿಗೆ ಬಿಚ್ಚಿ, ನಾದುವ ತೊಟ್ಟಿಗೆ ಸುರಿದು, ತೋಳು ಮಡಿಸಿ ನನ್ನ ಮುಖ ನೋಡಿದ. ನೀರಿನ ಕೊಡ ನನ್ನ ಕಾಲ ಬಳಿ ಇತ್ತು. ದಿನವೂ ನೀರು ಹೊಯ್ಯುವವಳು ನಾನು.

"ನಾಳೆ ಇನ್ನೂ ಬೇಗ ಎತ್ತುತ್ತೀನಿ," ಎಂದೆ.

"ನಾಳೆ ಬಂದ್ ಇಲ್ಲ."

"ಇದ್ರೂ ಎತ್ತುತ್ತೀನಿ."

"ಇದ್ರೆ ಇಳಿಸ್ತೀನಿ."

ಕೊಡ ಎತ್ತಿ ನೀರು ಹೊಯ್ದೆ. ಅವನು ಮೊಣಕೈವರೆಗೆ ಕೈ ಇಳಿಸಿದ. ಶಟರಿಗೆ ಇನ್ನೊಂದು ಕಲ್ಲು ಬಿತ್ತು. ಮಹಡಿಯಲ್ಲಿ ಅಮ್ಮ ಚೀರಿದಳು.

"ನಿಮ್ಮವರು," ಎಂದೆ.

"ನಮ್ಮವರೇ," ಎಂದ, ತಲೆ ಎತ್ತದೆ.