ನಾಲ್ಕನೇ ಭಾಗ

ನಮ್ಮ ಮನೆಗೆ ದಪ್ಪ ಪುಸ್ತಕ ಬಂದರೆ ಅದೇ ದಿನ ಅದರ ಹೊಲಿಗೆ ಬಿಚ್ಚುತ್ತೇವೆ. ರಟ್ಟು ತೆಗೆದು, ದಾರ ಕತ್ತರಿಸಿ, ಅಳತೆ ನೋಡಿ ನಾಲ್ಕು ಭಾಗ ಮಾಡಿ, ಒಂದೊಂದಕ್ಕೂ ಕಂದು ಕಾಗದದ ಹೊದಿಕೆ ಹಾಕಿ, ಮೂಲೆಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಬರೆಯುತ್ತೇವೆ. ಇದನ್ನು ಕೇಳಿ ಎದೆ ಹಿಡಿದುಕೊಂಡ ಪುಸ್ತಕಪ್ರೇಮಿಗಳನ್ನು ನಾನು ನೋಡಿದ್ದೇನೆ. ಅಂಥವರ ಕಪಾಟಿನಲ್ಲಿ ಪುಸ್ತಕಗಳು ಸಿಂಗರಿಸಿಕೊಂಡು ಕೂತಿರುತ್ತವೆ, ಯಾರೂ ಮುಟ್ಟಿರುವುದಿಲ್ಲ. ನಮ್ಮವು ಬಿಚ್ಚಿಸಿಕೊಂಡು, ಓದಿಸಿಕೊಂಡು, ಮತ್ತೆ ಹೊಲಿಸಿಕೊಂಡವು. ನಾವು ಬೈಂಡಿಂಗ್ ಕೆಲಸದವರು, ನಮಗೆ ಆ ಧೈರ್ಯ ಇದೆ.

ಈ ಪದ್ಧತಿ ಶುರು ಮಾಡಿದ್ದು ಅಪ್ಪ. ಮನೆಯಲ್ಲಿ ಓದುವವರು ನಾಲ್ವರು, ಪುಸ್ತಕ ಒಂದು, ಕಾಯುವ ತಾಳ್ಮೆ ಒಬ್ಬರಿಗೂ ಇಲ್ಲ. ಅಪ್ಪ ಮೊದಲ ಭಾಗ ಮುಗಿಸಿ ಅಮ್ಮನಿಗೆ ಕೊಡುವರು, ಅಮ್ಮ ನನಗೆ, ನಾನು ಅಣ್ಣನಿಗೆ. ನಿಯಮ ಎರಡೇ. ಮುಂದಿರುವವರು ಹಿಂದಿರುವವರಿಗೆ ಕಥೆ ಹೇಳಬಾರದು. ಓದುವವರು ಒಬ್ಬರು ಬಾಕಿ ಇದ್ದರೂ ಪುಸ್ತಕ ಹೊಲಿಯಬಾರದು.

ಎರಡನೇ ನಿಯಮವನ್ನು ಅಪ್ಪನೇ ಒಮ್ಮೆ ಮುರಿದರು. ಅಣ್ಣನಿಗೆ ಆಗ ಹದಿನೇಳು. ಓದು ಅವನಿಗೆ ಬೇಸರ ಬಂದಿತ್ತು. ಒಂದು ಪುಸ್ತಕದ ಮೂರನೇ ಭಾಗ ಅವನ ಹಾಸಿಗೆಯ ಪಕ್ಕ ವರ್ಷವಿಡೀ ಧೂಳು ತಿಂದಿತು. ಒಂದು ಬೆಳಿಗ್ಗೆ ಅಪ್ಪ ಮಾತಿಲ್ಲದೆ ಅದನ್ನು ಎತ್ತಿಕೊಂಡು ಹೋಗಿ ಹೊಲಿದುಬಿಟ್ಟರು. ಅಣ್ಣ ಬದುಕಿದೆಯಾ ಬಡಜೀವವೇ ಅಂದುಕೊಂಡಿರುತ್ತಾನೆ ಎಂದೇ ನಾನು ತಿಳಿದಿದ್ದೆ.

ಅಣ್ಣನ ಜಾಗಕ್ಕೆ ಎಷ್ಟೋ ವರ್ಷದ ಮೇಲೆ ಬಂದವಳು ಅವನ ಮಗಳು. ಅಕ್ಷರ ಕೂಡಿಸಲು ಕಲಿತ ದಿನದಿಂದ ನನ್ನ ಸೆರಗು ಹಿಡಿದು, ‘ಅತ್ತೆ, ನಿಂದು ಆಯ್ತಾ, ನಂಗೆ ಕೊಡ್ತೀಯಾ’ ಎಂದು ಬೆನ್ನು ಹತ್ತಿದವಳು. ಅಪ್ಪ ಅವಳಿಗೆ ಬಾಲಂಗೋಚಿ ಎಂದು ಹೆಸರಿಟ್ಟರು, ಅದು ಸವೆದು ಗೋಚಿ ಆಯಿತು. ಅಮ್ಮ ಹೋದರು, ಅಪ್ಪ ಹೋದರು, ಸಾಲಿನಲ್ಲಿ ಉಳಿದವರು ನಾವಿಬ್ಬರೇ. ಇಬ್ಬರಿಗೆ ಎರಡು ಭಾಗ ಸಾಕು. ಆದರೂ ನಾಲ್ಕೇ ಮಾಡುತ್ತಿದ್ದೆವು, ಕೈಗೆ ಅದೇ ಅಭ್ಯಾಸ.

ನಾನು ಮದುವೆಯಾಗಲಿಲ್ಲ. ಯಾರಾದರೂ ಅದಕ್ಕೆ ಮರುಗಿದರೆ, ‘ತಡೀರಿ, ಈ ಪುಟ ಮುಗಿಸಿ ನಾನೂ ಮರುಗ್ತೀನಿ’ ಅನ್ನುತ್ತೇನೆ. ‘ಪುಟ ಮುಗಿಸಿ ಬರ್ತೀನಿ’ ಎನ್ನುವುದು ಮನೆಯಲ್ಲಿ ನನ್ನ ಅಡ್ಡಹೆಸರೇ ಆಗಿತ್ತು. ಅನ್ನ ಆರಿದರೂ ಅಷ್ಟೇ, ಬಾಗಿಲು ಬಡಿದರೂ ಅಷ್ಟೇ. ಹಗಲು ಅಣ್ಣನ ಜೊತೆ ಲೈಬ್ರರಿಯ ಹರಿದ ಪುಸ್ತಕ ಹೊಲಿಯುವುದು, ಸಂಜೆ ಕಿಟಕಿಯ ಪಕ್ಕ ನನ್ನ ಓದು, ಎದುರಿನ ಕುರ್ಚಿಯಲ್ಲಿ ಒಂದು ಭಾಗ ಹಿಂದೆ ಗೋಚಿ. ಇಷ್ಟು ಇದ್ದವಳಿಗೆ ಇನ್ನೇನು ಬೇಕು? ನನಗೇನೂ ಬೇಕಿರಲಿಲ್ಲ.

ಆಮೇಲೆ ಗೋಚಿಗೆ ಮದುವೆಯಾಯಿತು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಅವನು ಆಸ್ಪತ್ರೆಯ ಲಿಫ್ಟ್ ರಿಪೇರಿಗೆ ಬಂದವನು. ಎರಡು ಮಹಡಿಯ ನಡುವೆ ಅವಳು ಸಿಕ್ಕಿಹಾಕಿಕೊಂಡಾಗ ಬಾಗಿಲು ತೆರೆದವನು ಇವನೇ. ಕಾದಂಬರಿಯಲ್ಲಿ ಬಂದಿದ್ದರೆ ನಾನು ನಂಬುತ್ತಿರಲಿಲ್ಲ. ಹುಡುಗ ಒಳ್ಳೆಯವನು, ಆದರೆ ಪುಸ್ತಕ ಅಂದರೆ ಗಾವುದ ದೂರ. ನಮ್ಮ ಕಪಾಟಿನ ಮುಂದೆ ನಿಂತು, ‘ಇದು ಎಷ್ಟು ಕೆಜಿ ಇರಬಹುದು ಅತ್ತೆ?’ ಎಂದು ಕೇಳಿದ. ಅವತ್ತಿನಿಂದ ನನ್ನ ಪಾಲಿಗೆ ಅವನು ಲಿಫ್ಟಿನವನು.

ಅವನಿಗೆ ಆರು ಗಂಟೆ ರೈಲಿನ ದೂರದ ಊರಿಗೆ ವರ್ಗವಾಗಿತ್ತು, ಅವಳಿಗೂ ಅಲ್ಲೇ ಕೆಲಸ ಸಿಕ್ಕಿತು. ಆಗ ನಾವು ಹಿಡಿದಿದ್ದು ಎಂಟುನೂರ ಅರವತ್ತು ಪುಟದ ಒಂದು ಕಾದಂಬರಿ, ದೋಣಿ ನಡೆಸುವ ಮನೆತನವೊಂದರ ಮೂರು ತಲೆಮಾರಿನ ಕಥೆ. ನಾನು ಮೊದಲ ಭಾಗ ಮುಗಿಸಿದ್ದೆ. ಹೊರಡುವ ಗಡಿಬಿಡಿಯಲ್ಲಿ ಅದನ್ನು ಅವಳ ಕೈಗಿಟ್ಟು, ‘ಓದಿ ಕಳಿಸು, ಆಮೇಲೆ ಎರಡನೇದು ಕಳಿಸ್ತೀನಿ’ ಅಂದೆ. ಅವಳು ಅಳುತ್ತಲೇ ಚೀಲಕ್ಕೆ ಸೇರಿಸಿದಳು. ನಾನು ಅಳಲಿಲ್ಲ. ರೈಲು ಹೋದ ಮೇಲೆ ಅತ್ತೆ.

ಭಾನುವಾರ ಭಾನುವಾರ ನಾನು ಫೋನ್ ಮಾಡುತ್ತಿದ್ದೆ.

‘ಹೇಗಿದೆ?’

‘ಚೆನ್ನಾಗಿದೆ ಅತ್ತೆ. ಶುರು ಸ್ವಲ್ಪ ನಿಧಾನ.’

ಇನ್ನೊಂದು ವಾರ, ‘ತುಂಬ ಜನ ಇದ್ದಾರಲ್ಲ, ಯಾರು ಯಾರ ಮಕ್ಕಳು ಅಂತಾನೇ ತಿಳಿಯಲ್ಲ’ ಅಂದಳು. ಮೊದಲ ಭಾಗದಲ್ಲಿ ಇರುವುದೇ ಐದು ಜನ. ಹೊಸ ಮನೆ, ಹೊಸ ಕೆಲಸ, ತಲೆ ನಿಲ್ಲುತ್ತಿಲ್ಲ ಪಾಪ ಅಂದುಕೊಂಡೆ. ಓದಿದವರಲ್ಲಿ ತಪ್ಪು ಹುಡುಕುವವಳಲ್ಲ ನಾನು.

ಮೂರನೇ ತಿಂಗಳು ನನ್ನ ಮೂರನೇ ಭಾಗ ಮುಗಿಯಿತು. ನಾಲ್ಕನೆಯದಕ್ಕೆ ಕೈ ಹಾಕಿದರೆ ಹೊದಿಕೆಯ ಮೂಲೆಯಲ್ಲಿ ಇದ್ದ ಸಂಖ್ಯೆ ಒಂದು! ತಿರುಗಿಸಿ ನೋಡಿದೆ, ಬಿಚ್ಚಿ ನೋಡಿದೆ. ಮೊದಲ ಭಾಗವೇ. ಮದುವೆಗೆ ಬಂದವರಿಗೆ ಮಲಗಲು ಜಾಗ ಮಾಡುವಾಗ ಯಾರೋ ಮೇಜಿನ ಮೇಲಿನ ಕಟ್ಟನ್ನು ತಲೆಕೆಳಗು ಮಾಡಿ ಇಟ್ಟಿದ್ದಾರೆ. ಕನ್ನಡಕ ಹಾಕದೆ ಮೇಲಿನದನ್ನು ಎತ್ತಿ ಕೊಟ್ಟವಳು ನಾನು. ಗೋಚಿಯ ಹತ್ತಿರ ಇರುವುದು ನಾಲ್ಕನೇ ಭಾಗ.

ಮೊದಲು ನನ್ನ ಮೇಲೇ ಕೋಪ ಬಂತು. ಎರಡು ನಿಮಿಷ ಬಿಟ್ಟು ಇನ್ನೊಂದು ಹೊಳೆಯಿತು, ಆಗ ಕೂತುಬಿಟ್ಟೆ. ಆ ಭಾಗ ಶುರುವಾಗುವುದೇ ಆರುನೂರ ನಲವತ್ತಾರನೇ ಪುಟದಿಂದ. ಹೊದಿಕೆ ತೆರೆದಿದ್ದರೆ ಅವಳು ಅದೇ ಗಳಿಗೆ ಫೋನ್ ಮಾಡಿ ನನ್ನನ್ನು ಆಡಿಕೊಂಡು ನಗಬೇಕಿತ್ತು. ಅಂದರೆ ತೆರೆದೇ ಇಲ್ಲ. ಮೂರು ತಿಂಗಳಿಂದ ‘ಚೆನ್ನಾಗಿದೆ’, ‘ನಿಧಾನ’, ‘ತುಂಬ ಜನ’ ಎಲ್ಲ ಬುರುಡೆ!

‘ಇನ್ನೊಂದು ಪ್ರತಿ ತಂದ್ಕೊಂಡ್ರೆ ಆಯ್ತಪ್ಪ’ ಎಂದ ಅಣ್ಣ, ಅಂಟು ಕಲಸುತ್ತ.

‘ನನಗೆ ಬೇಕಿರೋದು ಪುಸ್ತಕ ಅಲ್ಲ.’

‘ಮತ್ತೇನು?’

ಇಪ್ಪತ್ತು ವರ್ಷ ನನ್ನ ಹಿಂದೆ ಓದಿದವಳು ಸಾಲು ಬಿಟ್ಟಳೇ ಎನ್ನುವುದಷ್ಟೇ ನನಗೆ ತಿಳಿಯಬೇಕಿತ್ತು. ಅವಳು ಬಿಟ್ಟಿದ್ದರೆ ನನ್ನದು ಬರೀ ಓದು, ಗೋಡೆಗೆ ಮುಖ ಮಾಡಿ ಊಟ ಮಾಡಿದ ಹಾಗೆ. ಮೊದಲ ಭಾಗವನ್ನು ಚೀಲಕ್ಕೆ ಹಾಕಿಕೊಂಡು ಶನಿವಾರ ಬೆಳಗಿನ ರೈಲು ಹತ್ತಿದೆ. ಏನೇನು ಬೈಯಬೇಕು ಎಂದು ಆರು ಗಂಟೆ ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಚೆನ್ನಾಗಿಯೇ ಬಂದಿತ್ತು.

ಅವರ ಮನೆ ನಾಲ್ಕನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ದೀಪದ ಬುಡದಲ್ಲೇ ಕತ್ತಲು ಅಂದರೆ ಇದೇ. ಏದುಸಿರು ಬಿಡುತ್ತ ಬೆಲ್ ಒತ್ತಿದರೆ ಲಿಫ್ಟಿನವನು ಬಾಗಿಲು ತೆರೆದ. ಒಂದು ಕೈಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅವಳ ಬಿಳಿ ಕೋಟು, ಇನ್ನೊಂದು ಕೈಯ ಬೆರಳು ತುಟಿಯ ಮೇಲೆ.

‘ಈಗ ಮಲಗಿದ್ಲು ಅತ್ತೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದಿದ್ದು. ಐದೂವರೆಗೆಲ್ಲ ಲ್ಯಾಬಲ್ಲಿರಬೇಕು, ದಿನಾ.’

ಗೋಚಿ ಸೋಫಾದ ಮೇಲೆ ಚಪ್ಪಲಿ ಕೂಡ ಬಿಚ್ಚದೆ ನಿದ್ದೆ ಹೋಗಿದ್ದಳು. ಕಣ್ಣಿನ ಕೆಳಗೆ ಕಪ್ಪು. ನನ್ನ ಪಟ್ಟಿಯ ಅರ್ಧ ಅಲ್ಲೇ ಅಳಿಸಿಹೋಯಿತು. ಆಮೇಲೆ ಫ್ರಿಜ್ಜಿನ ಮೇಲೆ ಕಂದು ಹೊದಿಕೆ ಕಂಡಿತು. ಮೇಲೆ ಟೀ ಲೋಟದ ಉಂಗುರ, ಅಂಚೆಲ್ಲ ಗ್ರೀಸಿನ ಬೆರಳು, ಕೊನೆಯ ಪುಟಗಳಲ್ಲಿ ಗುರುತಿಗೆ ಲಿಫ್ಟ್ ಕಂಪನಿಯ ಚೀಟಿ. ಇದು ತೆರೆಯದ ಪುಸ್ತಕವಲ್ಲ, ಚೆನ್ನಾಗಿ ಉಜ್ಜಿಸಿಕೊಂಡ ಪುಸ್ತಕ.

ನಾನು ನೋಡಿದ್ದನ್ನು ಅವನು ನೋಡಿದ. ಮುಖ ಅರಳಿತು, ಕೋಟು ಪಕ್ಕಕ್ಕಿಟ್ಟು ಪುಸ್ತಕ ಕೈಗೆತ್ತಿಕೊಂಡ.

‘ನೀವು ಬಂದಿದ್ದು ಒಳ್ಳೇದಾಯ್ತು. ಆ ಅಜ್ಜಿ ಯಾಕೆ ದೋಣಿ ಹತ್ತಲ್ಲ ಅತ್ತೆ? ದಡದಲ್ಲೇ ಕೂತಿರ್ತಾಳೆ, ಮಕ್ಕಳು ಮೊಮ್ಮಕ್ಕಳು ಎಲ್ಲ ಬಂದು ಕರೀತಾರೆ. ತಲೆ ಕೆಟ್ಟೋಯ್ತು ನಂಗೆ, ಎರಡು ಸಲ ಓದಿದೆ. ಆದ್ರೆ ಕೊನೇಲಿ ಏನಾಗತ್ತೆ ಗೊತ್ತಾ, ಅವಳು ಎದ್ದು...’

‘ಬಾಯಿ ಮುಚ್ಚು!’

ಅಳಿಯನಿಗೆ ಹಾಗೆ ಹೇಳಬಾರದು. ಹೇಳಿಯಾಗಿತ್ತು. ಗೋಚಿ ದಿಗ್ಗನೆ ಎದ್ದು ಕೂತಳು. ನನ್ನನ್ನು ನೋಡಿದಳು, ಅವನ ಕೈಯಲ್ಲಿದ್ದ ಪುಸ್ತಕ ನೋಡಿದಳು, ಬಣ್ಣ ಇಳಿದುಹೋಯಿತು.

‘ಅದು ನಾಲ್ಕನೇ ಭಾಗ’ ಅಂದೆ.

‘ಅಂದ್ರೆ?’

‘ಕೊನೇದು. ತಪ್ಪಿ ಕೊಟ್ಟಿದ್ದೆ.’

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಒಂದೊಂದೇ ಹೊರಗೆ ಬಂತು. ಅವಳಿಗೆ ಮನೆಗೆ ಬಂದರೆ ಎರಡು ಸಾಲಿಗೇ ಕಣ್ಣು ಮುಚ್ಚುತ್ತಿತ್ತು. ಭಾನುವಾರ ಹತ್ತಿರ ಬಂದ ಹಾಗೆ ಅತ್ತೆಗೆ ಏನು ಹೇಳಲಿ ಎಂದು ಕೈ ಹಿಸುಕಿಕೊಳ್ಳುತ್ತಿದ್ದಳು. ಅದನ್ನು ನೋಡಲಾರದೆ ಲಿಫ್ಟಿನವನು ತಾನೇ ಓದತೊಡಗಿದ. ಕಟ್ಟಡದ ತುದಿಯ ಮೋಟಾರು ಕೋಣೆಯಲ್ಲಿ ಕೂತು ದಿನಕ್ಕೆ ಐದೋ ಆರೋ ಪುಟ. ಸಂಜೆ ಅವಳು ಪಾತ್ರೆ ತೊಳೆಯುವಾಗ ಕಥೆ ಹೇಳುತ್ತಿದ್ದ. ಅವಳು ತೂಕಡಿಸುತ್ತ ಹೂಂಗುಟ್ಟುತ್ತಿದ್ದಳು.

‘ಆರುನೂರ ನಲವತ್ತಾರು ಅಂತ ಪುಟದ ಮೇಲೆ ಇತ್ತಲ್ಲ?’ ಎಂದು ಕೇಳಿದೆ.

‘ಇತ್ತು. ಹಿಂದಿಂದು ಇವಳು ಮದುವೆಗೆ ಮುಂಚೇನೇ ಓದಿರ್ತಾಳೆ ಅಂದ್ಕೊಂಡೆ.’

‘ನಾನು ಮೂಲೆ ಸಂಖ್ಯೆ ನೋಡ್ಲೇ ಇಲ್ಲ, ಇದೇ ಶುರು ಅಂದ್ಕೊಂಡೆ’ ಎಂದಳು ಗೋಚಿ ಗಂಡನಿಗೆ. ‘ನೀನ್ಯಾಕೆ ಕೇಳಲಿಲ್ಲ?’

‘ಪುಸ್ತಕ ಅಂದ್ರೆ ಹೀಗೇ ಅರ್ಥ ಆಗಲ್ವೇನೋ ಅಂತ ಸುಮ್ನಿದ್ದೆ. ನಾವು ಲಿಫ್ಟ್ ರಿಪೇರೀನೂ ಮೇಲಿಂದಾನೇ ಶುರು ಮಾಡೋದು.’

ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಗೋಚಿ ಮಾತ್ರ ನಗಲಿಲ್ಲ.

‘ನಂಗೆ ಸುಳ್ಳು ಯಾಕೆ ಹೇಳ್ದೆ?’ ಎಂದೆ, ಈಗ ಮೆತ್ತಗೆ.

‘ಓದಿಲ್ಲ ಅಂದ್ರೆ ನೀನು ಹೊಲಿದುಬಿಡ್ತೀಯ ಅಂತ.’ ಅವಳು ನನ್ನ ಕಡೆ ತಿರುಗಿದಳು. ‘ಅಪ್ಪಂಗೆ ಅಜ್ಜ ಮಾಡಿದ್ರಲ್ಲ. ಅಪ್ಪ ಹೇಳ್ತಾರೆ, ಆ ಪುಸ್ತಕ ಹೊಲಿದ ಮೇಲೆ ಅಜ್ಜ ಅವರ ಹತ್ರ ಕೆಲಸದ ಮಾತು ಬಿಟ್ಟು ಬೇರೆ ಆಡ್ಲೇ ಇಲ್ವಂತೆ. ನಾವಿಬ್ರೂ ಬೇರೆ ಏನು ಮಾತಾಡ್ತೀವಿ ಅತ್ತೆ? ಪುಸ್ತಕ ಬಿಟ್ರೆ ನೀನು ನಂಗೆ ಫೋನ್ ಯಾಕೆ ಮಾಡ್ತೀಯ?’

ಹದಿಮೂರು ಭಾನುವಾರ ಫೋನ್ ಮಾಡಿದ್ದೆ. ‘ಎಷ್ಟು ಹೊತ್ತಿಗೆ ಏಳ್ತೀಯ’ ಎಂದು ಒಂದು ಸಲ ಕೇಳಿರಲಿಲ್ಲ. ನಾಚಿಕೆಯಾಯಿತು. ಹತ್ತಿರ ಹೋಗಿ ಅವಳ ಪಕ್ಕ ಕೂತೆ.

‘ಚಪ್ಪಲಿ ಬಿಚ್ಚು ಮೊದ್ಲು’ ಅಂದೆ. ‘ಹೊಲಿಯಲ್ಲ. ನೀನು ಹತ್ತು ವರ್ಷ ಬಿಟ್ಟು ಓದು, ಓದದೆ ಇರು. ಹೊಲಿಯಲ್ಲ.’

ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಲಿಫ್ಟಿನವನು ಟೀ ತಂದಿಟ್ಟು ಎದುರಿಗೆ ಕೂತ.

‘ಅತ್ತೆ, ಆ ಅಜ್ಜಿ...’

ಮೊದಲ ನಿಯಮವನ್ನು ನಾನು ಹುಟ್ಟಿದಾಗಿನಿಂದ ಮುರಿದವಳಲ್ಲ. ಅವನ ಮುಖ ನೋಡಿದೆ. ಹಸಿದವನ ಮುಂದೆ ತಟ್ಟೆ ಮುಚ್ಚಿಟ್ಟುಕೊಂಡು ಕೂರುವುದು ಯಾವ ನಿಯಮ? ಅವನು ಹೇಗೂ ನನಗಿಂತ ಮುಂದಿದ್ದಾನೆ ಎಂದು ಸಮಾಧಾನ ಹೇಳಿಕೊಂಡು ಶುರು ಮಾಡಿದೆ. ಆ ಅಜ್ಜಿ ಏಳು ವರ್ಷದವಳಿದ್ದಾಗ ತಮ್ಮನನ್ನು ನೋಡಿಕೋ ಎಂದು ದೋಣಿಯಲ್ಲಿ ಕೂರಿಸಿ ಹೋಗಿದ್ದು, ಇವಳು ಆಟಕ್ಕೆ ಹಗ್ಗದ ಗಂಟು ಬಿಚ್ಚಿದ್ದು, ದೋಣಿ ಸಿಕ್ಕರೂ ತಮ್ಮ ಸಿಗದೇ ಹೋದದ್ದು.

‘ಓ’ ಎಂದ ಅವನು. ‘ಅದಕ್ಕೇನಾ... ಹಾಗಾದ್ರೆ ಕೊನೇಲಿ ಅವಳು...’

‘ಹೇಳ್ಬೇಡ ಅಂದ್ನಲ್ಲ!’

‘ಇಲ್ಲ ಇಲ್ಲ.’ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಕಣ್ಣು ಮಾತ್ರ ತುಂಬಿತ್ತು. ಅವತ್ತಿನಿಂದ ನಾನು ಅವನನ್ನು ನೀನು ಎಂದೇ ಕರೆಯುತ್ತೇನೆ, ಅವನಿಗೂ ಅದೇ ಇಷ್ಟ. ಗೋಚಿ ಅಷ್ಟರಲ್ಲಿ ಮತ್ತೆ ನಿದ್ದೆ ಹೋಗಿದ್ದಳು. ಅವಳ ಕೂದಲಿಗೆ ಆಸ್ಪತ್ರೆಯ ವಾಸನೆ. ಕಾಲು ಜೋಮು ಹಿಡಿದರೂ ನಾನು ಅಲುಗಲಿಲ್ಲ.

ಭಾನುವಾರ ಬೆಳಿಗ್ಗೆಯ ರೈಲಿಗೆ ಹೊರಟೆ. ಮೊದಲ ಭಾಗ ಅವನಿಗೆ ಕೊಟ್ಟೆ, ನಾಲ್ಕನೆಯದು ನನ್ನ ಚೀಲಕ್ಕೆ ಬಂತು. ಮನೆಯಲ್ಲಿ ಅಣ್ಣ ರಟ್ಟು ಕತ್ತರಿಸುತ್ತಿದ್ದ.

‘ಅಪ್ಪ ಹೊಲಿದುಬಿಟ್ರಲ್ಲ, ನಿಂಗೆ ಬೇಜಾರಾಗಿತ್ತೇನೋ?’ ಎಂದು ಕೇಳಿದೆ. ನಲವತ್ತು ವರ್ಷ ತಡವಾಗಿ.

ಅವನು ಕತ್ತರಿ ನಿಲ್ಲಿಸಲಿಲ್ಲ. ‘ಓದೋದು ಬಿಟ್ಟಿದ್ದು ನಾನು. ಮಾತು ಬಿಟ್ಟಿದ್ದು ಅವರು.’

ಆ ವಾರವಿಡೀ ಸಂಜೆ ನಾಲ್ಕನೇ ಭಾಗ ಓದಿದೆ. ಗ್ರೀಸಿನ ಗುರುತು ಇದ್ದಲ್ಲೆಲ್ಲ ಅವನೂ ತಡೆದು ನಿಂತಿದ್ದಾನೆ ಎಂದು ತಿಳಿಯುತ್ತಿತ್ತು. ಮುಂದಿನ ಭಾನುವಾರ ಸಂಜೆ ಉಳಿದಿದ್ದು ಎರಡೇ ಪುಟ. ಅಜ್ಜಿ ಎದ್ದು ನೀರಿನ ಹತ್ತಿರ ಬಂದಿದ್ದಾಳೆ. ಮೊಮ್ಮಗಳು ಕೈ ಚಾಚಿದ್ದಾಳೆ. ಅಜ್ಜಿ ಒಂದು ಕಾಲನ್ನು ಹಲಗೆಯ ಮೇಲೆ ಇಟ್ಟಳು.

ಫೋನ್ ಬಂತು. ನಾನು ಮಾಡುವ ಹೊತ್ತು ಇನ್ನೂ ಆಗಿರಲಿಲ್ಲ. ಗೋಚಿ ತಾನಾಗಿ ಮಾಡಿದ್ದಳು.

‘ಪುಟ ಮುಗಿಸಿ ಬರ್ತಾಳೆ ಅಂತ ಹೇಳ್ಲಾ?’ ಎಂದು ಅಣ್ಣ ಫೋನ್ ಹಿಡಿದುಕೊಂಡು ನಿಂತ.

ಪುಸ್ತಕ ಮುಚ್ಚಿ ಕೈ ಚಾಚಿದೆ. ಅಣ್ಣ ನನ್ನನ್ನೇ ನೋಡಿದ.

‘ಎಷ್ಟು ಹೊತ್ತಿಗೆ ಎದ್ದೆ ಇವತ್ತು?’ ಎಂದು ಅವಳನ್ನು ಕೇಳಿದೆ.

ಅವಳು ಹೇಳತೊಡಗಿದಳು. ರಜೆಯಂತೆ, ಎಂಟಕ್ಕೆ ಎದ್ದಳಂತೆ. ನಲ್ಲಿ ಸೋರುತ್ತಂತೆ, ಲ್ಯಾಬಿನ ಮೇಲಿನವಳು ಸಿಡುಕಿಯಂತೆ, ಲಿಫ್ಟಿನವನು ಮೊದಲ ಭಾಗದಲ್ಲಿ ಹಗ್ಗದ ಗಂಟು ಬರುವ ಪುಟಕ್ಕೆ ಬಂದು ಹೆದರಿ ನಿಂತಿದ್ದಾನಂತೆ. ಮಾತಾಡುತ್ತಿದ್ದ ಹಾಗೇ ಹೊರಗೆ ದೀಪ ಹತ್ತಿತು. ಅಜ್ಜಿ ಒಂದು ಕಾಲು ಹಲಗೆಯ ಮೇಲೆ ಇಟ್ಟುಕೊಂಡು ಕಾಯುತ್ತಲೇ ಇದ್ದಳು. ಕಾಯಲಿ ಬಿಡು ಎಂದುಕೊಂಡು ನಾನು ಕುರ್ಚಿಯಲ್ಲಿ ಕಾಲು ಮಡಚಿ ಕೂತೆ.