ಅತ್ತೆ ಮುಚ್ಚಿಟ್ಟ ಜ್ವರ

ನಮ್ಮತ್ತೆ ನಾಗವ್ವ ಧನಕವಡಿಯ ನಮ್ಮ ಓಣಿಗೆ ಹೊಟ್ಟೆಯ ಡಾಕ್ಟರು. ಯಾವ ಮಗುವಿಗೆ ಹೊಟ್ಟೆನೋವು ಬಂದರೂ ಹೊಕ್ಕಳ ಬಟ್ಟಿ ಸರಿದಿದೆ ಎಂದು ಹರಳೆಣ್ಣೆ ಹಚ್ಚಿ ತಿಕ್ಕಿಬಿಡುತ್ತಾರೆ. ನನಗೆ ಇದು ಸೇರುವುದಿಲ್ಲ. ನನಗೆ ಸೇರದ್ದು ಈ ಮನೆಯಲ್ಲಿ ಬಹಳವಿದೆ, ಎಲ್ಲರಿಗೂ ಬಾಯಿಪಾಠವಾಗಿದೆ.

ಮೊನ್ನೆ ಭಾನುವಾರ ಬೆಳಿಗ್ಗೆ ನನ್ನ ಎಂಟು ವರ್ಷದ ಮಗಳು ರೇಣು ಹೊಟ್ಟೆಯ ಬಲಗಡೆ ಹಿಡಿದುಕೊಂಡು ಮುದುಡಿ ಮಲಗಿದಳು. ಅತ್ತೆ ಎಣ್ಣೆಬಟ್ಟಲು ತಂದು, ಒಮ್ಮೆ ಮುಟ್ಟಿ, ಕೈ ಹಿಂದೆ ತೆಗೆದರು.

“ಇದು ಬಟ್ಟಿ ಅಲ್ಲ, ಮಾಧುರಿ. ದವಾಖಾನಿಗೆ ನಡಿ.”

ಅತ್ತೆಯ ಬಾಯಲ್ಲೇ ಈ ಮಾತು ಬಂದಾಗ ರೇಣುವನ್ನು ಎತ್ತಿಕೊಂಡು ರಿಕ್ಷಾಕ್ಕೆ ಓಡಿದೆ.

ಮಕ್ಕಳ ಡಾಕ್ಟರ್ ಶೀತಲ ರಕ್ತಪರೀಕ್ಷೆ, ಸ್ಕ್ಯಾನ್ ಎರಡೂ ಮಾಡಿಸಿದರು. ಕರುಳಿನ ಬಳಿಯ ಗ್ರಂಥಿಗಳು ಊದಿಕೊಂಡಿದ್ದವು. ಗ್ಯಾಸ್ ಅಡ್ಡ ಬಂದು ಅಪೆಂಡಿಕ್ಸ್ ಮಾತ್ರ ಕಾಣಲಿಲ್ಲ. ನೋವು ಅದರದ್ದೇ ಆಗಿದ್ದರೆ ಆಪರೇಷನ್ ಮಾಡಬೇಕು.

“ಹೋದ ವಾರ ನೆಗಡಿ, ಗಂಟಲುನೋವು, ಜ್ವರ ಏನಾದರೂ ಇತ್ತೇ?” ಎಂದು ಮರಾಠಿಯಲ್ಲಿ ಕೇಳಿದರು.

ಇರಲೇ ಇಲ್ಲ ಎಂದೆ. ನನ್ನ ಮಗಳ ವಿಷಯ ನನಗಿಂತ ಹೆಚ್ಚು ಯಾರಿಗೆ ಗೊತ್ತು?

“ಇತ್ತು,” ಎಂದರು ಅತ್ತೆ, ನನ್ನ ಮುಖ ನೋಡದೆ. “ಎರಡು ದಿನ ಜ್ವರ ಬಂದು ಗಂಟಲಾ ಹಿಡದಿತ್ತು. ನೀ ಮಗರಪಟ್ಟಾದ ಆಫೀಸಿಂದ ಬರೂದ್ರಾಗ ಇಳೀತಿತ್ತು. ಐಸಿನ ಗೋಲಾ ನಾನ ಕೊಡಿಸಿದ್ದೆ, ನೀ ಬೈತಿ ಅಂತ ಹೇಳಲಿಲ್ಲ.”

ಅದನ್ನೇ ಮರಾಠಿಯಲ್ಲಿ ಡಾಕ್ಟರಿಗೂ ಹೇಳಿದರು. ಡಾಕ್ಟರ ಮುಖ ಸಡಿಲವಾಯಿತು. ಹಾಗಿದ್ದರೆ ಆ ಜ್ವರಕ್ಕೆ ಊದಿದ ಗ್ರಂಥಿಗಳದ್ದೇ ನೋವಿರಬಹುದು, ಅವಸರ ಬೇಡ, ಸಂಜೆಯವರೆಗೆ ಇಲ್ಲೇ ಇರಲಿ ಎಂದರು.

ಸಂಜೆ, ಹೊಟ್ಟೆ ನೋಯುತ್ತದೆಯೇ ನೋಡಲು, ರೇಣುವಿಗೆ ಒಂಟಿಕಾಲಲ್ಲಿ ಕುಪ್ಪಳಿಸಲು ಹೇಳಿದರು. ನಾಲ್ಕು ಸಲ ಕುಪ್ಪಳಿಸಿ, ಇನ್ನೊಂದು ಕಾಲಲ್ಲೂ ಮಾಡಲೇ ಎಂದು ಕೇಳಿದಳು. ಎರಡನೆಯ ಸ್ಕ್ಯಾನಿನಲ್ಲಿ ಅಪೆಂಡಿಕ್ಸ್ ಕಂಡಿತು, ಚೆನ್ನಾಗಿಯೇ ಇತ್ತು. ಚೀಟಿಯಲ್ಲಿ ‘ಮೆಸೆಂಟೆರಿಕ್ ಅಡಿನೈಟಿಸ್’, ಅಂದರೆ ಕರುಳಿನ ಗ್ರಂಥಿಗಳ ಊತ, ಎಂದು ಬರೆದರು.

“ಊತ ತಾನಾಗಿ ಇಳಿಯುತ್ತದೆ. ನೋವಿಗೆ ಪ್ಯಾರಸಿಟಮಾಲ್, ಚೆನ್ನಾಗಿ ನೀರು, ವಿಶ್ರಾಂತಿ ಸಾಕು. ನೋವು ಹೆಚ್ಚಾದರೆ, ವಾಂತಿ ನಿಲ್ಲದಿದ್ದರೆ ತಕ್ಷಣ ಕರೆತನ್ನಿ. ಅಜ್ಜಿ, ಇದು ವೈರಸ್ಸಿನ ಕೆಲಸ, ಗೋಲಾದ್ದಲ್ಲ.”

ರಿಕ್ಷಾದಲ್ಲಿ ಅತ್ತೆಯನ್ನು ಬೈಯಲು ಬಾಯಿ ತೆರೆದೆ. ನಾಚಿಕೆಯಾಯಿತು. ಡಾಕ್ಟರಿಗೆ ಬೇಕಾಗಿದ್ದ ಒಂದು ಮಾತು ನನ್ನ ಬಾಯಿಗೆ ಹೆದರಿ ವಾರವಿಡೀ ಮನೆಯಲ್ಲಿ ಅಡಗಿ ಕೂತಿತ್ತು.

“ಅತ್ತಿ, ಇನ್ನ ಮ್ಯಾಲೆ ಏನಿದ್ರೂ ನನಗ ಹೇಳ್ರಿ. ಬೈಯಂಗಿಲ್ಲ.”

ಅತ್ತೆ ರೇಣುವನ್ನು ನೋಡಿದರು. ರೇಣು ಅತ್ತೆಯನ್ನು ನೋಡಿದಳು.

“ಹಂಗಾದ್ರ ಸರಿಯಾಗಿ ಕೂಡು,” ಎಂದರು ಅತ್ತೆ. “ನಿನಗ ಹೇಳದ್ದು ಇನ್ನೂ ಮೂರು ಅವ.”