ಹೊತ್ತದ್ದೇ ಗೊತ್ತಾಗದ ಚೀಲ

ಅಣ್ಣನ ಬಾಯಿಂದ ಹೊರಟ ಹೊಗಳಿಕೆಗಳಲ್ಲೆಲ್ಲ ದೊಡ್ಡದು ‘ಪರವಾಗಿಲ್ಲ’. ಇಡೀ ಮನೆಗೆ ಬಣ್ಣ ಹೊಡೆದು, ಕಿಟಕಿಯ ಸಂದಿಯಲ್ಲೂ ಗೆರೆ ಆಚೀಚೆಯಾಗದಂತೆ ಮುಗಿಸಿದ ದಿನವೂ ಅವನು ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿ, ಅಂಚಿನ ಮೇಲೆ ಹೆಬ್ಬೆರಳಾಡಿಸಿ, ಅಷ್ಟೇ ಅನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ಅತ್ತಿಗೆಯ ಅಡುಗೆಗೂ ಅದನ್ನೇ ಅಂದು ಎರಡು ದಿನ ತಾನೇ ಪಾತ್ರೆ ತೊಳೆದಿದ್ದ.

ತಮ್ಮನಿಗೆ ಆ ‘ಪರವಾಗಿಲ್ಲ’ವೂ ಸಿಕ್ಕಿರಲಿಲ್ಲ. ತಮ್ಮನನ್ನು ಎಲ್ಲರೂ ಕಿಡಿ ಎಂದು ಕರೆಯುತ್ತಿದ್ದರು. ಮುಟ್ಟಿದರೆ ಹೊತ್ತಿಕೊಳ್ಳುವ ಸ್ವಭಾವಕ್ಕೆ ಬಿದ್ದ ಹೆಸರು. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಅಣ್ಣನ ಏಣಿ ಹಿಡಿದು ನಿಂತವನು ಅವನು. ಒಂದು ದಿನ ಅವನು ಬಣ್ಣ ಹೊಡೆದ ಗೋಡೆಯನ್ನು ಅಣ್ಣ ತುಟಿ ಪಿಟಕ್ಕೆನ್ನದೆ ಉಜ್ಜಿ ತೆಗೆದು ಮತ್ತೆ ಹೊಡೆದ. ಬೈದಿದ್ದರೆ ಸಹಿಸುತ್ತಿದ್ದನೇನೋ. ಆ ಮೌನಕ್ಕೆ ಪಿತ್ತ ನೆತ್ತಿಗೇರಿ ಬ್ರಷ್ಷನ್ನು ಬಕೆಟ್ಟಿಗೆಸೆದು ಹೊರಟವನು, ಬೀದಿಯ ಕೊನೆಯ ಬ್ಯಾಗು ಹೊಲಿಯುವ ಕಾರ್ಖಾನೆಯ ಬಾಗಿಲಲ್ಲಿ ಹೋಗಿ ನಿಂತ.

“ಕೂತು ಮಾಡೋ ಕೆಲಸ. ನಿಂಗೆ ಸರಿಹೋಗತ್ತೆ,” ಅಂದ ಅಣ್ಣ.

ಅದು ಹಾರೈಕೆಯೋ ಕುಟುಕೋ ಕಿಡಿ ಕೇಳಲಿಲ್ಲ. ಕುಟುಕೆಂದೇ ಎದೆಯೊಳಗಿಟ್ಟುಕೊಂಡ. ಅಂದಿನಿಂದ ಅವನಿಗೆ ಬೇಕಾದದ್ದು ಒಂದೇ. ತಾನು ಹೊಲಿದದ್ದನ್ನು ಅಣ್ಣ ಕೈಯಲ್ಲಿ ಹಿಡಿದು ಚೆನ್ನಾಗಿದೆ ಅನ್ನಬೇಕು. ಒಂದೇ ಒಂದು ಸಲ.

ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದದ್ದು ಬೆಟ್ಟ ಹತ್ತುವವರ ಬೆನ್ನುಚೀಲ. ಹತ್ತುವವರಿಗೆ ಈಗ ಹಗುರದ ಹುಚ್ಚು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿ ಒಯ್ಯುತ್ತಾರೆ. ‘ಹೊಟ್ಟೆ ಕರಗಿಸಲಾರದ ಗಂಡಸರು ಬ್ಯಾಗಿನ ಝಿಪ್ಪು ಕರಗಿಸಿ ಅಂತ ಬರ್ತಾರಲ್ಲಪ್ಪ’ ಎಂದು ಕಿಡಿ ಹಲ್ಲು ಕಡಿಯುತ್ತಿದ್ದ. ಆದರೆ ಹುಚ್ಚು ಅವನಿಗೂ ಹತ್ತಿತು. ಎರಡು ವರ್ಷ ಮಿಕ್ಕ ತುಂಡುಗಳಲ್ಲಿ ಹೊಲಿದು, ಬಿಚ್ಚಿ, ಹೊಲಿದು, ಕೊನೆಗೆ ಈರುಳ್ಳಿ ಸಿಪ್ಪೆಯಂಥ ತೆಳು ಬಟ್ಟೆಯಲ್ಲಿ ಒಂದು ಚೀಲ ನಿಲ್ಲಿಸಿದ. ಒಳಗೆ ಬೆನ್ನಿಗೆ ಆಸರೆಯಾಗುವ ಕಡ್ಡಿಯಿಲ್ಲ, ಹೆಗಲ ಪಟ್ಟಿಯಲ್ಲಿ ಮೆತ್ತೆಯಿಲ್ಲ. ಭಾರವೆಲ್ಲ ಸೊಂಟದ ಪಟ್ಟಿಯ ಮೇಲೆ ಕೂರುತ್ತದೆ, ಹೆಗಲಿಗೆ ಕೆಲಸವೇ ಇಲ್ಲ ಅನ್ನುವುದು ಅವನ ವಾದ.

ಯಜಮಾನ ಚೀಲವನ್ನು ಒಂದೇ ಬೆರಳಲ್ಲೆತ್ತಿ ತೂಗಾಡಿಸಿದ. “ಮೇಜಿನ ಮೇಲೆ ಎಲ್ಲಾ ಬ್ಯಾಗೂ ಹಗುರಾನೇ ಕಣೋ. ಬೆಟ್ಟ ಹತ್ತಿಸ್ಕೊಂಡು ಬಾ. ಆಮೇಲೆ ಅಂಗಡೀಲಿ ನೇತು ಹಾಕೋಣ.”

ಕಿಡಿ ಇನ್ನೊಂದು ಚೀಲ ಹೊಲಿದ. ಅಣ್ಣನಿಗೆ. ಅಣ್ಣನ ಬಲಹೆಗಲು ಸಂಜೆಯ ಹೊತ್ತಿಗೆ ಹಿಡಿದುಕೊಳ್ಳುತ್ತಿತ್ತು. ಇಪ್ಪತ್ತು ವರ್ಷ ತಲೆಯೆತ್ತಿ ಚಾವಣಿಗೆ ಬಣ್ಣ ಹೊಡೆದ ಹೆಗಲು ಅದು. ಆ ಹೆಗಲಿಗೆ ಭಾರ ಬೀಳದ ಚೀಲ ಕೊಟ್ಟರೆ ಆ ಒಂದು ಮಾತು ಬಾರದೆ ಎಲ್ಲಿಗೆ ಹೋದೀತು?

ಇಂಥ ಚೀಲಕ್ಕೆ ಮುಖ್ಯವಾದದ್ದು ಹೊರುವವನ ಎತ್ತರವಲ್ಲ, ಬೆನ್ನಿನ ಉದ್ದ. ಕತ್ತಿನ ಹಿಂದಿನ ಮೂಳೆಯಿಂದ ಸೊಂಟದ ಮೂಳೆಯವರೆಗೆ ಟೇಪು ಹಿಡಿಯಬೇಕು. ಬಂದ ಗಿರಾಕಿಗೆಲ್ಲ ಕಿಡಿ ಇದನ್ನು ಪಾಠ ಒಪ್ಪಿಸಿದಂತೆ ಹೇಳುತ್ತಿದ್ದ. ಅಣ್ಣನ ಬೆನ್ನಿಗೆ ಮಾತ್ರ ಹಿಡಿಯಲಿಲ್ಲ. ನಿಲ್ಲು ಅಂದರೆ ಯಾಕೆ ಅನ್ನುತ್ತಾನೆ, ಬ್ಯಾಗು ಅಂದರೆ ನಂಗ್ಯಾಕೋ ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಅದೂ ಅಲ್ಲದೆ, ಅಣ್ಣನ ಅಳತೆ ತನಗೆ ಗೊತ್ತಿಲ್ಲವೇ? ಏಣಿಯ ಮೇಲಿದ್ದ ಅಣ್ಣನನ್ನು ಕೆಳಗಿನಿಂದ ನೋಡುತ್ತಲೇ ಬೆಳೆದವನು ಅವನು. ಅವನ ಕಣ್ಣಿಗೆ ಅಣ್ಣನೆಂದರೆ ದೊಡ್ಡ ಆಳು. ಕಣ್ಣಳತೆಯಲ್ಲೇ ಕತ್ತರಿ ಹಾಕಿದ.

ಅತ್ತಿಗೆಯ ಒತ್ತಾಯಕ್ಕೆ ಅಣ್ಣನೂ ಬೆಟ್ಟಕ್ಕೆ ಬರಲು ಒಪ್ಪಿದ. ಹೊರಡುವ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ಕಾಲುಚೀಲವನ್ನೂ ತೂಗುತ್ತಿದ್ದ ಮೈದುನನನ್ನು ನೋಡಿ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟಳು.

“ನಿಮ್ಮಣ್ಣನ ಮೀಸೆ ಬೋಳಿಸ್ಲಾ? ಒಂದೆರಡು ಗ್ರಾಂ ಇಳಿಯತ್ತೆ.”

“ನಾಲಿಗೆ ಬಿಟ್ಟು ಹೋಗ್ಲಿ ಅತ್ತಿಗೆ. ಹೆಂಗೂ ಉಪಯೋಗಿಸಲ್ಲ.”

ಅತ್ತಿಗೆ ನಕ್ಕಳು. ಅಣ್ಣ ಬಾಗಿ ಬೂಟಿನ ದಾರ ಕಟ್ಟುತ್ತಿದ್ದ. ತಲೆಯೆತ್ತಿ ಹೆಂಡತಿಯ ಮುಖವನ್ನೊಮ್ಮೆ ನೋಡಿ ಮತ್ತೆ ದಾರಕ್ಕೆ ಬಗ್ಗಿದ.

ಕಾಲುದಾರಿ ಮೊದಲು ಹುಲ್ಲಿನ ನಡುವೆ ಹೋಗಿ, ತೊರೆ ದಾಟಿ, ಕಲ್ಲಿನ ಏರಿಗೆ ಬಿತ್ತು. ಕಿಡಿಯ ಚೀಲ ಅವನದೇ ಬೆನ್ನಿಗೆ ಟೇಪು ಹಿಡಿದು ಹೊಲಿದದ್ದು. ಬೆನ್ನಿಗೆ ಇನ್ನೊಂದು ಚರ್ಮದ ಹಾಗೆ ಅಂಟಿಕೊಂಡಿತ್ತು. ಅವನು ನಡೆಯುತ್ತಿರಲಿಲ್ಲ, ಪುಟಿಯುತ್ತಿದ್ದ. ಮೊದಲ ಏರು ಮುಗಿದಲ್ಲಿ ತಿರುಗಿ ನಿಂತು, ಎಷ್ಟೋ ವರ್ಷದಿಂದ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟ.

“ಹೆಂಗಿದೆಯಣ್ಣಾ?”

ಅಣ್ಣ ಎರಡು ಹೆಬ್ಬೆರಳನ್ನೂ ಹೆಗಲ ಪಟ್ಟಿಯೊಳಗೆ ತೂರಿಸಿಕೊಂಡು ನಿಂತ. ಉಸಿರು ತೆಗೆದುಕೊಂಡ.

“ಚೆನ್ನಾಗಿದೆ.”

ಕಿಡಿಗೆ ಕಿವಿಯಲ್ಲಿ ನಗಾರಿ ಬಾರಿಸಿದಂತಾಯಿತು. ತಕ್ಷಣ ತಿರುಗಿ ನಡೆದ, ಮುಖ ಕಾಣಿಸಬಾರದೆಂದು. ಇಂಥ ಮಾತನ್ನು ಹೆಂಡತಿಗೂ ಹೇಳದ ಮನುಷ್ಯ ಇವತ್ತು ಯಾಕೆ ಹೇಳಿದ ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಹಸಿದವನು ತಟ್ಟೆಯನ್ನು ಮೂಸಿ ನೋಡುತ್ತಾನೆಯೇ?

ಒಂದು ಸಲ ಸಾಲದೆ ಮತ್ತೆ ಮತ್ತೆ ಕೇಳಿದ. ಎರಡನೆಯ ಏರಿನಲ್ಲಿ ಕೇಳಿದ. “ಹೊತ್ತದ್ದೇ ಗೊತ್ತಾಗ್ತಿಲ್ಲ ಕಣೋ,” ಅಂದ ಅಣ್ಣ. ಬಂಡೆಯ ನೆರಳಲ್ಲಿ ಕೇಳಿದ. “ನೀನು ಮುಂದೆ ನಡಿ, ನಾನು ಸ್ವಲ್ಪ ಈ ಕಣಿವೆ ನೋಡಿ ಬರ್ತೀನಿ,” ಅಂದ ಅಣ್ಣ. ಜನ್ಮದಲ್ಲಿ ಗೋಡೆ ಬಿಟ್ಟು ಬೇರೇನನ್ನೂ ನಿಂತು ನೋಡದವನು ಆ ದಿನ ಕಣಿವೆ ನೋಡಿದ, ಮೋಡ ನೋಡಿದ, ಒಣಗಿದ ಮರವೊಂದನ್ನು ಬಹಳ ಹೊತ್ತು ನೋಡಿದ.

“ಅದರಲ್ಲೇನಿದೆಯೋ ಅಣ್ಣಾ! ಎಲೇನೂ ಇಲ್ಲ!”

“ಬಣ್ಣ ಚೆನ್ನಾಗಿದೆ.”

ಕಿಡಿ ಬಿದ್ದು ಬಿದ್ದು ನಕ್ಕ. ನಗುತ್ತಲೇ ಹೆಜ್ಜೆ ಜೋರು ಮಾಡಿದ.

ಸೂರ್ಯ ಇಳಿಯುವ ಮೊದಲೇ ಮರಗಳ ಮರೆಯಲ್ಲಿ ಸಮತಟ್ಟಾದ ಜಾಗ ಸಿಕ್ಕಿತು. ತೆಳುವಾದ ಗುಡಾರದ ಹಗ್ಗವನ್ನು ಮೇಲಿನ ಕೊಂಬೆಗೆ ಕಟ್ಟಬೇಕಿತ್ತು. ಅಣ್ಣ ಎಡಗೈಯೆತ್ತಿ ಹಗ್ಗವನ್ನು ಎಸೆದ. ಅದು ಕೆಳಗೆ ಬಿತ್ತು. ಮತ್ತೆ ಎಡಗೈಯಲ್ಲೇ ಎಸೆದ.

“ಏನಣ್ಣಾ, ಮುದುಕ ಆದ್ಮೇಲೆ ಎಡಚ ಆದ್ಯಾ?”

ಅಣ್ಣ ನಕ್ಕ. ನಗು ಅರ್ಧಕ್ಕೆ ನಿಂತಿತು. ಬಲಗೈ ಪಕ್ಕದಲ್ಲಿ ಸುಮ್ಮನೆ ಜೋತಾಡುತ್ತಿತ್ತು, ಬೇರೆ ಯಾರದೋ ಕೈಯ ಹಾಗೆ.

ಕಿಡಿ ಹತ್ತಿರ ಹೋಗಿ ಅಂಗಿಯ ಕಾಲರು ಸರಿಸಿದ. ಪಟ್ಟಿ ಮಾಂಸದೊಳಗೆ ಕೂತು ಎದ್ದ ಗುರುತು ಬೆರಳಗಲ ಕಪ್ಪಗಾಗಿತ್ತು. ಬಲಹೆಗಲು ಊದಿಕೊಂಡಿತ್ತು. ಸೊಂಟದ ಪಟ್ಟಿಯಿರುವ ಜಾಗಕ್ಕೆ ಕಣ್ಣು ಹಾಯಿಸಿದ. ಸೊಂಟದ ಮೂಳೆಯ ಮೇಲೆ ಕೂರಬೇಕಾದ ಪಟ್ಟಿ ಅದಕ್ಕೂ ಕೆಳಗೆ ಜಾರಿ ತೊಡೆಯ ಬುಡವನ್ನು ಉಜ್ಜಿತ್ತು. ಅಂದರೆ ಅಷ್ಟೂ ಭಾರವನ್ನು ಆ ಎರಡು ರಿಬ್ಬನ್ನಿನಂಥ ಪಟ್ಟಿಗಳೇ ಹೊತ್ತಿದ್ದವು. ಬೆಳಗಿನಿಂದ.

ಕತ್ತಿನ ಮೂಳೆಯಿಂದ ಸೊಂಟದವರೆಗೆ ಕೈಯಗಲಿಸಿ ಗೇಣು ಹಾಕಿದ. ಚೀಲಕ್ಕೂ ಹಾಕಿದ. ನಾಲ್ಕು ಬೆರಳು ಹೆಚ್ಚು. ಅಣ್ಣನ ಉದ್ದವೆಲ್ಲ ಕಾಲಲ್ಲಿತ್ತು. ಬೆನ್ನು ಮೋಟು, ತೀರಾ ಮೋಟು. ಇಷ್ಟು ಚಿಕ್ಕ ಬೆನ್ನಿನವನೇ ಇವನು?

ಕಿಡಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಅವನಿಗೆ ಯಾವಾಗಲೂ ಮೊದಲು ಬರುವುದು ಅದೇ.

“ಬಾಯಿಗೇನು ಬೀಗ ಹಾಕಿತ್ತಾ? ಎಷ್ಟು ಸಲ ಕೇಳಿದೆ! ಚೆನ್ನಾಗಿದೆ, ಚೆನ್ನಾಗಿದೆ, ಚೆನ್ನಾಗಿದೆ! ನೋಯ್ತಿದೆ ಅನ್ನಕ್ಕೇನಾಗಿತ್ತು ನಿಂಗೆ?”

“ಕೂಗಬೇಡ.”

“ಕೂಗ್ತೀನಿ! ಜೀವಮಾನದಲ್ಲಿ ಒಂದು ಒಳ್ಳೆ ಮಾತಾಡಿಲ್ಲ ನೀನು. ಇವತ್ತು ಆಡಿದೆ, ಅದೂ ಸುಳ್ಳು!”

ಅಣ್ಣ ಕಲ್ಲಿನ ಮೇಲೆ ಕೂತ. ಬಲಗೈಯನ್ನು ಎಡಗೈಯಲ್ಲೆತ್ತಿ ತೊಡೆಯ ಮೇಲಿಟ್ಟುಕೊಂಡ.

“ನಿಮ್ಮತ್ತಿಗೆ ಹೇಳಿದ್ಳು. ಅವನಿಗೊಂದು ಸಲ ಚೆನ್ನಾಗಿದೆ ಅಂದ್ರೆ ನಿಮ್ಮ ಬಾಯಿಂದ ಮುತ್ತು ಉದುರಿ ಹೋಗತ್ತಾ ಅಂತ. ನಂಗೂ ಅನ್ಸಿತ್ತು. ಆ ಗೋಡೆ ಉಜ್ಜಿದ್ದು ತಪ್ಪಾಯ್ತು ಅಂತ ಆವಾಗ್ಲೇ ಅನ್ಸಿತ್ತು.” ಎಡಗೈಯಿಂದ ಬೂಟಿನ ಮಣ್ಣು ಕೆರೆದ. “ಮನೆಯಿಂದ ಹೊರಡೋವಾಗ್ಲೇ ನಿಶ್ಚಯ ಮಾಡ್ಕೊಂಡಿದ್ದೆ ಕಣೋ. ಹೆಂಗೇ ಇರ್ಲಿ, ಚೆನ್ನಾಗಿದೆ ಅನ್ಬೇಕು ಅಂತ. ಒಂದು ಸಲ ಅಂದ್ಮೇಲೆ ನಿನ್ನ ಮುಖ ನೋಡಿದೆ. ಆಮೇಲೆ ವಾಪಸ್ ತಗೊಳ್ಳೋದು ಹೆಂಗೆ?”

ಕಿಡಿ ಕೆಳಗೆ ಬಿದ್ದಿದ್ದ ಹಗ್ಗವನ್ನೆತ್ತಿ ತಾನೇ ಕೊಂಬೆಗೆ ಎಸೆದ.

ಬೆಳಿಗ್ಗೆ ಎರಡೂ ಚೀಲದ ಸಾಮಾನನ್ನು ತನ್ನ ಚೀಲಕ್ಕೆ ತುರುಕಿ ಹಿಂದಕ್ಕೆ ಹೊರಟ. ಅಣ್ಣನಿಗೆ ಅಂಗಿ ತೊಡಿಸಬೇಕಾಯಿತು, ಮಗುವಿಗೆ ತೊಡಿಸಿದಂತೆ ಮೊದಲು ನೋಯುವ ತೋಳು, ಆಮೇಲೆ ಇನ್ನೊಂದು. ಇಳಿಜಾರಿನಲ್ಲಿ ಯಾರೂ ಏನನ್ನೂ ನಿಂತು ನೋಡಲಿಲ್ಲ.

ಬಾಗಿಲು ತೆರೆದ ಅತ್ತಿಗೆಯ ಮುಖ ಅರಳಿತ್ತು. “ಹೆಂಗಿತ್ತು ಇವನ ಬ್ಯಾಗು?”

“ಚೆನ್ನಾಗಿತ್ತು,” ಅಂದ ಅಣ್ಣ. “ಇಳಿಯೋವಾಗ ಕಾಲು ಜಾರಿ ಬಿದ್ದೆ. ಹೆಗಲಿಗೆ ಸ್ವಲ್ಪ ಪೆಟ್ಟಾಗಿದೆ.”

ಅತ್ತಿಗೆ ಕಿಡಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದಳು, ಕೇಳಿಸ್ಕೊಂಡ್ಯಾ ಅನ್ನುವ ಹಾಗೆ. ಅವನು ಬಾಯಿ ತೆರೆಯಬೇಕಾದ ಗಳಿಗೆ ಅದು. ಅವನ ಬಾಯಿ ಏನನ್ನೂ ಒಳಗಿಟ್ಟುಕೊಳ್ಳುವ ಬಾಯಲ್ಲ. ಯಜಮಾನನ ಮುಖದ ಮೇಲೆ ಸಿಡಿದಿದೆ, ಗಿರಾಕಿಗಳ ಮುಖದ ಮೇಲೆ ಸಿಡಿದಿದೆ. ಆ ದಿನ ಮಾತ್ರ ಅದು ತಲೆ ತಗ್ಗಿಸಿ ನೀರು ಕುಡಿಯಿತು.

ಹೆಗಲಿನೊಳಗೆ ಯಾವುದೋ ಸ್ನಾಯು ಹರಿದಿದೆ ಅಂದರು ವೈದ್ಯರು. ಕೈ ಎದೆಯ ಮಟ್ಟಕ್ಕೆ ಬರುತ್ತದೆ, ಅದಕ್ಕಿಂತ ಮೇಲೆ ಬರುವುದು ಅನುಮಾನ. ಚಾವಣಿಯ ಕೆಲಸಕ್ಕೆ ಅಣ್ಣ ಬೇರೊಬ್ಬ ಪೇಂಟರನ್ನು ಹುಡುಕಿಕೊಂಡ.

ಆ ಚೀಲ ಅಂಗಡಿಯಲ್ಲಿ ನೇತಾಡಲಿಲ್ಲ. ಕಿಡಿ ಅದನ್ನು ಪೂರ್ತಿ ಬಿಚ್ಚಿ, ಬೆನ್ನನ್ನು ಮೋಟು ಮಾಡಿ, ಹೆಗಲಿಗೆ ಮೆತ್ತೆಯಿಟ್ಟು ಮತ್ತೆ ಹೊಲಿದ. ಒಂದು ಮಧ್ಯಾಹ್ನ ಅಣ್ಣ ಕೆಲಸ ಮಾಡುತ್ತಿದ್ದ ಮನೆಗೇ ಅದನ್ನು ಒಯ್ದ. ಖಾಲಿ ಕೋಣೆಯಲ್ಲಿ ಹಳೆಯ ಕಾಗದ ಹಾಸಿತ್ತು. ಚಾವಣಿಗೆ ಬಿಳಿ ಬಳಿಯುತ್ತಾ ಹೊಸ ಪೇಂಟರು ಏಣಿಯ ಮೇಲಿದ್ದ. ಅಣ್ಣ ನೆಲದಲ್ಲಿ ಕೂತು ಬಕೆಟ್ಟು ಕಲಕುತ್ತಿದ್ದ.

“ಅಳತೆ ಸರಿಮಾಡಿದೀನಿ. ನೋಡು.”

“ಚೆನ್ನಾಗಿದೆ,” ಅಂದ ಅಣ್ಣ.

“ಇನ್ನೂ ನೋಡೇ ಇಲ್ವಲ್ಲ ನೀನು.”

“ನೋಡೋದೇನಿದೆ. ನೀನು ಮಾಡಿರೋದಲ್ವಾ?” ಅಣ್ಣ ಮುಗುಳ್ನಕ್ಕ. ಮುಟ್ಟಲಿಲ್ಲ, ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಲಿಲ್ಲ.

“ಸರಿಯಿಲ್ಲದಿದ್ರೆ ಸರಿಯಿಲ್ಲ ಅನ್ನಣ್ಣಾ. ಬೈಯಿ ಬೇಕಾದ್ರೆ.”

“ಯಾಕೋ ಬೈಲಿ? ತುಂಬಾ ಚೆನ್ನಾಗಿದೆ.”

ಅಷ್ಟರಲ್ಲಿ ಅಣ್ಣನ ಕಣ್ಣು ಮೇಲೆ ಹೋಯಿತು. ಮುಖ ಬಿಗಿಯಿತು. “ಏಯ್, ಆ ಮೂಲೆ ನೋಡು. ಬಳಿದಿದ್ದೀಯೋ, ಸಾರಿಸಿದ್ದೀಯೋ? ಗೆರೆ ಗೆರೆ ಕಾಣ್ತಿದೆ. ಉಜ್ಜಿ ತೆಗೆದು ಮತ್ತೆ ಹೊಡಿ!”

ಏಣಿಯ ಮೇಲಿನವನು ಗೊಣಗುತ್ತಾ ಉಜ್ಜತೊಡಗಿದ. ಬಿಳಿಯ ಪುಡಿ ಕೆಳಗೆ ಉದುರಿತು. ಕಿಡಿ ಖಾಲಿ ಚೀಲವನ್ನು ಹಿಡಿದುಕೊಂಡು, ಬೈಸಿಕೊಂಡ ಆ ಅಪರಿಚಿತನನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಾ ನಿಂತ.